ಸಿದ್ಧ ಫಿಲ್ಟರುಗಳನ್ನು ಬಿಟ್ಟು ಕಲಾತ್ಮಕ ಚಿತ್ರ ರೂಪಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಾನು ತೆಗೆದ ಮರ, ನೆರಳು, ಹಳೆಯ ಬಾಗಿಲುಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಕಲಾಕೃತಿಯಂತೆ ರೂಪಿಸಲು ಯತ್ನಿಸುತ್ತಿದ್ದೇನೆ. ಜಲವರ್ಣದ ಫಿಲ್ಟರ್ ಹಾಕಿದರೆ ಎಲ್ಲವೂ ಒಂದೇ ಅಚ್ಚಿನಿಂದ ತೆಗೆದಂತೆ ಕಾಣುತ್ತವೆ. ಅನುಭವಿಗಳು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ನಾನೂ ಬಹುಕಾಲ ಫಿಲ್ಟರುಗಳ ಪಟ್ಟಿಯಲ್ಲೇ ಸುತ್ತಾಡಿದವನು. ಹೊರಗೆ ಬರಲು ನೆರವಾದದ್ದು ಲೇಯರುಗಳು (ಒಂದರ ಮೇಲೊಂದು ಇಡುವ ಚಿತ್ರದ ಪದರಗಳು), ಅದರಲ್ಲೂ ಅವುಗಳ ಬ್ಲೆಂಡ್ ಮೋಡ್, ಅಂದರೆ ಮೇಲಿನ ಪದರ ಕೆಳಗಿನದರೊಂದಿಗೆ ಬೆರೆಯುವ ಬಗೆ. ತುಕ್ಕು ಹಿಡಿದ ತಗಡು, ಬಿರುಕು ಬಿಟ್ಟ ಗಾರೆ, ಮುದುಡಿದ ಕಾಗದ ಮುಂತಾದವುಗಳ ಫೋಟೋಗಳನ್ನು ಮೋಡ ಕವಿದ ಬೆಳಕಿನಲ್ಲಿ ನೀವೇ ತೆಗೆದಿಟ್ಟುಕೊಳ್ಳಿ. ಅವುಗಳಲ್ಲಿ ಒಂದನ್ನು ಮೂಲಚಿತ್ರದ ಮೇಲಿನ ಲೇಯರಿನಲ್ಲಿ ಇರಿಸಿ ಮಲ್ಟಿಪ್ಲೈ ಎಂಬ ಮೋಡ್ ಆರಿಸಿದರೆ, ತಂತ್ರಾಂಶವು ಎರಡೂ ಲೇಯರುಗಳ ಹೊಳಪಿನ ಬೆಲೆಗಳನ್ನು 0ಯಿಂದ 1ರವರೆಗಿನ ಸಂಖ್ಯೆಗಳೆಂದು ಹಿಡಿದು ಗುಣಿಸುತ್ತದೆ; ಬಿಳಿಯ ಬೆಲೆ 1 ಆದ್ದರಿಂದ ಬಿಳಿಯ ಜಾಗದಲ್ಲಿ ಕೆಳಗಿನ ಚಿತ್ರ ಹಾಗೆಯೇ ಉಳಿದು, ಕಪ್ಪು ಬಿರುಕುಗಳು ಮಾತ್ರ ಅದರ ಮೇಲೆ ಇಳಿಯುತ್ತವೆ. ಸ್ಕ್ರೀನ್ ಎಂಬ ಮೋಡ್ ಇದಕ್ಕೆ ತದ್ವಿರುದ್ಧವಾಗಿದ್ದು, ಅಲ್ಲಿ ಕಪ್ಪು ಮಾಯವಾಗುತ್ತದೆ. ಈ ಲೆಕ್ಕ ತಿಳಿದ ಮೇಲೆ ಒಂದೊಂದು ಮೋಡನ್ನೂ ಕಣ್ಣುಮುಚ್ಚಿ ಒತ್ತಿನೋಡುವ ಕೆಲಸ ತಪ್ಪಿತು.

ಆಮೇಲಿನದು ಮಾಸ್ಕ್. ಅದರಲ್ಲಿ ಬಿಳಿ ಬಳಿದಲ್ಲಿ ಆ ಲೇಯರ್ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗುತ್ತದೆ. ಒಂದು ಒಣಮರದ ಚಿತ್ರಕ್ಕೆ ಗಾರೆಯ ಬಿರುಕುಗಳನ್ನು ಹೊಂದಿಸುವಾಗ, ಏನೂ ಕೂಡಿಬರದೆ ಬೇಸತ್ತು, ಬಿರುಕಿನ ಲೇಯರನ್ನು ತಲೆಕೆಳಗು ಮಾಡಿದೆ; ಬಿರುಕುಗಳು ಕೊಂಬೆಗಳ ಮುಂದುವರಿಕೆಯಂತೆ ಕೂತುಬಿಟ್ಟವು. ಕಾಂಡದ ಮೇಲಿನ ಬಿರುಕುಗಳನ್ನು ಮೃದು ಅಂಚಿನ ಬ್ರಷ್‌ನಿಂದ ಮಾಸ್ಕಿನಲ್ಲಿ ಮರೆಮಾಡಿದೆ, ಅಷ್ಟೆ. ನನಗೆ ಇಂದಿಗೂ ಮೆಚ್ಚುಗೆಯಾಗಿರುವ ಚಿತ್ರ ಅದೊಂದೇ.

ಉತ್ತರ 2: ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಫಿಲ್ಟರನ್ನು ಪೂರ್ತಿ ದೂರಬೇಕಿಲ್ಲ. ಚಿತ್ರದ ನಕಲು ಲೇಯರಿಗೆ ಫಿಲ್ಟರ್ ಹಾಕಿ, ಒಪಾಸಿಟಿಯನ್ನು (ಲೇಯರ್ ಎಷ್ಟು ಗಾಢವಾಗಿ ಕಾಣಬೇಕೆಂಬ ಪ್ರಮಾಣ) 30%ಕ್ಕೆ ಇಳಿಸಿದರೆ ಅದು ಗದ್ದಲ ಮಾಡದೆ ಕೆಲಸ ಮಾಡುತ್ತದೆ. ನನಗೆ ಹೆಚ್ಚು ಪ್ರಿಯವಾದದ್ದು ಕರ್ವ್ಸ್, ಅಂದರೆ ಒಂದು ಗೆರೆಯನ್ನು ಬಾಗಿಸಿ ಚಿತ್ರದ ಬೆಳಕು-ಕತ್ತಲೆಗಳನ್ನು ಬದಲಿಸುವ ಸಾಧನ. ಅದರ ಗೆರೆಯನ್ನು ನಡುವಿನವರೆಗೆ ಏರಿಸಿ ಮತ್ತೆ ಕೆಳಗಿಳಿಸಿದರೆ ಬೆಳಕಿನ ಭಾಗಗಳು ಕಪ್ಪಾಗಿ ತಿರುಗಿ, ಡಾರ್ಕ್‌ರೂಮಿನಲ್ಲಿ ಛಾಯಾಗ್ರಾಹಕ ಮ್ಯಾನ್ ರೇ ಬಳಸುತ್ತಿದ್ದ ಸೋಲರೈಸೇಷನ್ನಿಗೆ (ಬೆಳಕು-ಕತ್ತಲೆ ಭಾಗಶಃ ಅದಲುಬದಲಾಗುವ ತಂತ್ರ) ಹತ್ತಿರದ ಪರಿಣಾಮ ಬರುತ್ತದೆ. ಒಂದು ಎಚ್ಚರಿಕೆ: ಸಾಮಾನ್ಯ ಜೆಪೆಗ್ ಕಡತದಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಷ್ಟೇ ಇರುವುದರಿಂದ, ಕರ್ವನ್ನು ಹೀಗೆ ಕಡಿದಾಗಿ ಎಳೆದಾಗ ನುಣುಪಾದ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. 14 ಬಿಟ್‌ನ ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಕಡತ) 16,384 ಹಂತಗಳಿರುತ್ತವೆ. ಅದನ್ನು 16 ಬಿಟ್‌ನಲ್ಲೇ ತೆರೆದು ತಿದ್ದಿ.

ಉತ್ತರ 3: ನನ್ನದು ಚಿಕ್ಕ ಮಾತು, ಆದರೆ ಪೆಟ್ಟು ತಿಂದು ಕಲಿತದ್ದು. ಮೂರು ಸಂಜೆ ಕೂತು ಹನ್ನೊಂದು ಲೇಯರುಗಳಲ್ಲಿ ಮಾಡಿದ ಚಿತ್ರವನ್ನು ಅವಸರದಲ್ಲಿ ಒಂದೇ ಲೇಯರಾಗಿ ಬೆಸೆದು, ಮೂಲ ಫೋಟೋದ ಹೆಸರಿನಲ್ಲೇ ಜೆಪೆಗ್ ಆಗಿ ಉಳಿಸಿದೆ. ಮೂಲವೂ ಹೋಯಿತು, ಲೇಯರುಗಳೂ ಹೋದವು. ಫೋಟೋಶಾಪ್ ಬಳಸುವವರು ಪಿಎಸ್‌ಡಿಯಾಗಿ, ಉಚಿತವಾಗಿ ಸಿಗುವ ಜಿಂಪ್ ಬಳಸುವವರು ಎಕ್ಸ್‌ಸಿಎಫ್ ಆಗಿ ಲೇಯರುಗಳು ಉಳಿಯುವ ಕೆಲಸದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಮುದ್ರಿಸುವ ಆಸೆಯಿದ್ದರೆ ಅಳತೆಯನ್ನೂ ಮೊದಲೇ ನೋಡಿಕೊಳ್ಳಿ: ಇಂಚಿಗೆ 300 ಪಿಕ್ಸೆಲ್‌ನಂತೆ 10×8 ಇಂಚಿನ ಪ್ರತಿಗೆ 3000×2400 ಪಿಕ್ಸೆಲ್ ಬೇಕಾಗುತ್ತದೆ. ಗಾರೆಯ ಫೋಟೋ ಅದಕ್ಕಿಂತ ಚಿಕ್ಕದಾಗಿದ್ದರೆ, ಹಿಗ್ಗಿಸಿದ ಬಿರುಕುಗಳು ಕಾಗದದ ಮೇಲೆ ಮಸುಕು ಕಲೆಗಳಾಗಿ ಕಾಣುತ್ತವೆ.