ಬೆಕ್ಕಿನ ಬಾಯಲ್ಲಿ ದಿಢೀರ್ ನೊರೆ: ಪಶುವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ, ಭಾನುವಾರ ಸಂಜೆ 6:50)

ಮೇಡಂ, ಗಾಬರಿಯಲ್ಲಿ ಬರೀತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನಮ್ಮ ಮನೆ ಬೆಕ್ಕು ಪುಟ್ಟಿ, ಎರಡು ವರ್ಷದ ಹೆಣ್ಣು. ಮಧ್ಯಾಹ್ನ ಊಟಕ್ಕೆ ಕೂತಾಗ ಎಂದಿನಂತೆ ನನ್ನ ಮಣೆ ಪಕ್ಕ ಬಂದು ಕೂತಿತ್ತು. ನಾಲ್ಕು ಗಂಟೆ ಹೊತ್ತಿಗೆ ನೋಡಿದರೆ ಅಟ್ಟದ ಏಣಿ ಕೆಳಗೆ ಮೂಲೆ ಸೇರಿದೆ. ಬಾಯಿಂದ ನೊರೆ ಸುರೀತಿದೆ, ಗಲ್ಲ, ಎದೆ ಎಲ್ಲ ಒದ್ದೆ. ಆಗ ತಾನೇ ಹಾಲು ಕರೆದ ತಂಬಿಗೆಯಲ್ಲಿ ನಿಲ್ಲುತ್ತಲ್ಲ, ಅಂಥ ಬಿಳಿ ನೊರೆ. ಅಮ್ಮ "ಹುಚ್ಚು ಹಿಡಿದಿದೆ, ಮುಟ್ಟಬೇಡ" ಅಂತಿದ್ದಾರೆ. ಪಕ್ಕದ ಮನೆಯವರು ಹುಣಸೆ ನೀರು ಕುಡಿಸಿ ಅಂತಿದ್ದಾರೆ. ಹಾವು ಕಚ್ಚಿರಬಹುದಾ? ಇಲ್ಲಿನ ಪಶು ಆಸ್ಪತ್ರೆ ಇವತ್ತು ಬಾಗಿಲು ಹಾಕಿದೆ.

ಉತ್ತರ (6:56)

ಹುಣಸೆ ನೀರು ಬೇಡ. ಹಾಲು, ಉಪ್ಪು ನೀರು, ಎಣ್ಣೆ, ಯಾವುದನ್ನೂ ಬಾಯಿಗೆ ಹಾಕಬೇಡಿ. ನೊರೆ ತುಂಬಿದ ಬಾಯಿಗೆ ಏನು ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಬೆಕ್ಕು ನಿಮ್ಮನ್ನು ಕಚ್ಚಿದೆಯಾ, ಪರಚಿದೆಯಾ? ಇಲ್ಲ ತಾನೇ? ಕೈಗೆ ಪ್ಲಾಸ್ಟಿಕ್ ಕವರ್ ಆದರೂ ಹಾಕಿಕೊಳ್ಳಿ. ದೂರದಿಂದಲೇ ನೋಡಿ ಬೇಗ ಹೇಳಿ: ಕಿವಿ ಅದುರುತ್ತಿದೆಯಾ? ನಡೆದರೆ ಕಾಲು ತಪ್ಪುತ್ತಾ? ಕಣ್ಣಿನ ಪಾಪೆ ಅಗಲವಾಗಿದೆಯಾ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿದೆಯಾ? ಭೇದಿ ಆಗಿದೆಯಾ? ನಿನ್ನೆಯಿಂದ ಇವತ್ತಿನವರೆಗೆ ಅದರ ಮೈಗೆ, ಬಾಯಿಗೆ, ಮಲಗುವ ಜಾಗಕ್ಕೆ ಏನೇನು ಹಾಕಿದಿರಿ? ಔಷಧಿ, ಪುಡಿ, ಫಿನಾಯಿಲ್, ಏನಿದ್ದರೂ ಮುಚ್ಚಿಡದೆ ಹೇಳಿ.

ಪ್ರಶ್ನೆ ಕೇಳಿದವರು (7:03)

ಕಚ್ಚಿಲ್ಲ ಮೇಡಂ. ಕಿವಿ ಅದುರುತ್ತಿದೆ, ನೊಣ ಕೂತಾಗ ಕೊಡವುತ್ತಲ್ಲ ಹಾಗೆ, ನಿಲ್ಲಿಸುತ್ತಲೇ ಇಲ್ಲ. ಮುಂಗಾಲು ಎತ್ತಿ ಎತ್ತಿ ಕೊಡವುತ್ತೆ. ನಡೆದರೆ ಹಿಂಗಾಲು ಜಾರುತ್ತೆ. ಪಾಪೆ ದೊಡ್ಡದಾಗಿದೆ. ಭೇದಿ ಇಲ್ಲ. ಹಾಕಿದ್ದು ಅಂದರೆ... ಚಿಗಟ ಜಾಸ್ತಿ ಆಗಿತ್ತು ಅಂತ ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟಿಗೆಯಲ್ಲಿದ್ದ ದನದ ಉಣುಗಿನ ಔಷಧಿಯನ್ನು ಬೆನ್ನಿಗೆ ಸ್ವಲ್ಪ ಸವರಿದ್ದೆ. ನೀರು ಬೆರೆಸಿಯೇ ಹಾಕಿದ್ದು. ಬಾಟಲಿ ಮೇಲೆ ಡೆಲ್ಟಾಮೆಥ್ರಿನ್ ಅಂತಿದೆ. ಅದರಿಂದ ಇರಬಹುದಾ?

ಉತ್ತರ (7:06)

ಅದರಿಂದಲೇ. ಬೆಕ್ಕಿಗೆ ಅದು ವಿಷ. ಈಗ ಹೇಳುವುದನ್ನು ತಕ್ಷಣ ಮಾಡಿ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ತಗೊಳ್ಳಿ. ಔಷಧಿ ಎಣ್ಣೆಯಂಶದ್ದು, ಬರೀ ನೀರಿಗೆ ಹೋಗುವುದಿಲ್ಲ. ಕೈಗೆ ಕವರ್ ಹಾಕಿ, ಕತ್ತಿನಿಂದ ಬಾಲದವರೆಗೆ ನೊರೆ ಬರುವಂತೆ ತಿಕ್ಕಿ ತೊಳೆಯಿರಿ, ಎರಡು ಸಲ. ಮುಖಕ್ಕೆ ಸುರಿಯಬೇಡಿ. ಬಿಸಿ ನೀರು ಬೇಡ, ಚರ್ಮ ಕಾದರೆ ವಿಷ ಇನ್ನೂ ಬೇಗ ಒಳಗೆ ಹೋಗುತ್ತೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ನಡುಕ ಹೆಚ್ಚುತ್ತೆ. ಒಣ ಟವೆಲಿನಲ್ಲಿ ಒರೆಸಿ, ಕಂಬಳಿ ಸುತ್ತಿ, ಗಾಳಿಯಾಡುವ ಬುಟ್ಟಿಯಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೊರಡಿ. ಯಾವ ಕ್ಲಿನಿಕ್ ತೆರೆದಿದೆ ಅಂತ ಮನೆಯವರೊಬ್ಬರು ಫೋನ್ ಮಾಡುತ್ತಿರಲಿ. ಬಾಟಲಿ ಜೊತೆಗಿರಲಿ. ಮೈ ಸೆಟೆದು ಫಿಟ್ಸ್ ಶುರುವಾದರೆ ಸ್ನಾನ ಅಲ್ಲಿಗೇ ಬಿಟ್ಟು ಹೊರಡಿ, ಬಾಯೊಳಗೆ ಬೆರಳು, ಚಮಚ ಏನೂ ಇಡಬೇಡಿ.

ಪ್ರಶ್ನೆ ಕೇಳಿದವರು (7:41)

ತೊಳೆದಾಯಿತು. ಹೊರಟಿದ್ದೇವೆ. ನಾನೇ ಕೊಂದುಬಿಟ್ಟೆ ಅನಿಸ್ತಿದೆ.

ಉತ್ತರ (7:43)

ಹಾಗೆ ಅಂದುಕೊಳ್ಳಬೇಡಿ. ನೀವು ಸತ್ಯ ಹೇಳಿದ್ದರಿಂದಲೇ ಅರ್ಧ ಗಂಟೆಯಲ್ಲಿ ಮೈಮೇಲಿದ್ದ ವಿಷ ಹೋಯಿತು. ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಇಂಥ ಬೆಕ್ಕುಗಳು ಬಹಳಷ್ಟು ಬದುಕುತ್ತವೆ. ಇದಕ್ಕೆ ನೇರವಾದ ಪ್ರತಿವಿಷ ಇಲ್ಲ, ನಡುಕ ನಿಲ್ಲಿಸುವ ಇಂಜೆಕ್ಷನ್, ಡ್ರಿಪ್, ಮೈ ಬೆಚ್ಚಗಿಡುವುದು, ಇಷ್ಟೇ. ಒಂದರಿಂದ ಮೂರು ದಿನ ಹಿಡಿಯಬಹುದು. ಗಾಡಿ ನಿಧಾನಕ್ಕೆ ಓಡಿಸಲು ಹೇಳಿ.

ಇನ್ನೊಬ್ಬ ಸದಸ್ಯರು (ಹಾಸನ, ರಾತ್ರಿ 8:30)

ಮೇಡಂ, ದನಕ್ಕೆ, ನಾಯಿಗೆ ಹಾಕಿದರೆ ಏನೂ ಆಗದ ಔಷಧಿ ಬೆಕ್ಕಿಗೆ ಮಾತ್ರ ಯಾಕೆ ವಿಷ? ನಮ್ಮ ಕಡೆ ಔಷಧಿ ಅಂಗಡಿಯಲ್ಲೇ "ಬೆಕ್ಕಿಗೂ ಇದನ್ನೇ ಹಾಕಿ" ಅಂತ ಕೊಡುತ್ತಾರೆ.

ಉತ್ತರ (9:10)

ನನಗೆ ಸಿಟ್ಟು ಬರುವ ವಿಷಯವೇ ಇದು. ಬೆಕ್ಕು ಎಂದರೆ ಚಿಕ್ಕ ನಾಯಿಯಲ್ಲ. ನಮ್ಮ ಯಕೃತ್ತು ಎಷ್ಟೋ ರಾಸಾಯನಿಕಗಳಿಗೆ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ನೀರಲ್ಲಿ ಕರಗುವಂತೆ ಮಾಡಿ ಹೊರಗೆ ಹಾಕುತ್ತದೆ. ಬೆಕ್ಕಿನಲ್ಲಿ ಆ ಕೆಲಸ ಮಾಡುವ ಕಿಣ್ವ ತೀರಾ ಕಡಿಮೆ. ಮಾಂಸವನ್ನೇ ತಿಂದು ಬದುಕುವ ಪ್ರಾಣಿ, ಗಿಡಗಳ ವಿಷ ಕಳೆಯುವ ಶಕ್ತಿ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಹಾಗಾಗಿ ನಾಯಿಯ ದೇಹದಿಂದ ಬೇಗ ಹೋಗುವ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕಗಳು ಬೆಕ್ಕಿನ ದೇಹದಲ್ಲೇ ಉಳಿದು ನರಗಳನ್ನು ಕೆರಳಿಸುತ್ತವೆ. ಇವುಗಳಲ್ಲಿ ಪರ್ಮೆಥ್ರಿನ್ ಅತಿ ಕೆಟ್ಟದ್ದು, ನಾಯಿಯ ಕತ್ತಿಗೆ ಹಾಕುವ ಕೆಲವು ಹನಿ ಔಷಧಿಗಳಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಔಷಧಿ ಹಾಕಿದ ನಾಯಿಯ ಜೊತೆ ಮಲಗಿದ ಬೆಕ್ಕಿಗೂ ವಿಷ ಏರಿದ್ದನ್ನು ನಾನು ನೋಡಿದ್ದೇನೆ. ಬೆಕ್ಕು ಸುಮ್ಮನಿರುವುದೂ ಇಲ್ಲ, ಮೈಗೆ ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸಿಕೊಳ್ಳುತ್ತೆ.

ಪ್ಯಾರಸಿಟಮಾಲ್ ಕಥೆಯೂ ಇದೇ. ಮೈ ಬಿಸಿಯಾಗಿದೆ ಅಂತ ಮನೆಯಲ್ಲಿರುವ 500 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಜೊಲ್ಲು ಸುರಿಯುತ್ತೆ, ಮುಖ, ಪಾದ ಊದುತ್ತೆ, ಗುಲಾಬಿ ಬಣ್ಣದ ಒಸಡು ಹಳಸಿದ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಯಾಕೆಂದರೆ ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸಿರುತ್ತೆ. ಇದಕ್ಕೆ ಪ್ರತಿವಿಷ ಇದೆ, ಅಸಿಟೈಲ್ ಸಿಸ್ಟೀನ್. ಆದರೆ ಗಂಟೆಗಳ ಲೆಕ್ಕದಲ್ಲಿ ತಲುಪಬೇಕು. ದಯವಿಟ್ಟು ಮನುಷ್ಯರ ಜ್ವರದ, ನೋವಿನ ಮಾತ್ರೆ ಯಾವುದನ್ನೂ ಬೆಕ್ಕಿಗೆ ಕೊಡಬೇಡಿ.

ತೀರ್ಥಹಳ್ಳಿಯವರಿಗೆ ಪಾಪೆ ಬಗ್ಗೆ ಯಾಕೆ ಕೇಳಿದೆ ಅಂದರೆ, ತೋಟಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಟ್ಟೆಗೆ ಹೋದರೂ ನೊರೆ ಬರುತ್ತೆ. ಆದರೆ ಅದರಲ್ಲಿ ಪಾಪೆ ಸಾಮಾನ್ಯವಾಗಿ ಸೂಜಿಮೊನೆಯಷ್ಟು ಆಗುತ್ತೆ, ಕಣ್ಣೀರು, ಮೂತ್ರ, ಭೇದಿ ಎಲ್ಲ ಒಟ್ಟಿಗೆ ಹೋಗುತ್ತೆ, ಉಸಿರಾಟ ಗೊರಗೊರ ಅನ್ನುತ್ತೆ. ಅದಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷ ಇದೆ. ಹೊರಗೆ ಕಾಣುವ ನೊರೆ ಎರಡರಲ್ಲೂ ಒಂದೇ, ಚಿಕಿತ್ಸೆ ಬೇರೆ ಬೇರೆ. ಅದಕ್ಕೇ ನಾನು ನೊರೆಗಿಂತ ಹೆಚ್ಚಾಗಿ ಬೆಕ್ಕಿನ ಉಳಿದ ಲಕ್ಷಣಗಳನ್ನು ನೋಡುತ್ತೇನೆ, ಅದು ಏನು ಮುಟ್ಟಿತು ಅಂತ ಕೇಳುತ್ತೇನೆ.

ಪ್ರಶ್ನೆ (ಹುಬ್ಬಳ್ಳಿ, 9:25)

ಮೇಡಂ ರೀ, ಇದನ್ನ ಓದಿ ನಮಗೂ ಹೆದರಿಕಿ ಆಗೇತಿ. ಬೆಕ್ಕಿಗೆ ಹೊಟ್ಟಿ ಕೆಟ್ಟಿತ್ತು, ಡಾಕ್ಟರು ಮೆಟ್ರೊನಿಡಜೋಲ್ ಗುಳಿಗಿ ಬರದು ಕೊಟ್ಟಿದ್ರು. ಅರ್ಧ ಮುರದು ಬೆಲ್ಲದಾಗ ಕಲಿಸಿ ಬಾಯಾಗ ಹಾಕಿದ್ವಿ. ಎರಡು ನಿಮಿಷದಾಗ ಬಾಯಿ ತುಂಬ ನೊರಿ! ತಲಿ ಕೊಡವಿಕೋತ ಮನಿ ತುಂಬ ಓಡ್ಯಾಡ್ತು. ಅರ್ಧ ತಾಸಿನ್ಯಾಗ ಆರಾಮ ಆತು. ನಾಳೆ ಮತ್ತ ಕೊಡಬೇಕೋ ಬ್ಯಾಡೋ?

ಉತ್ತರ (9:40)

ನಿಮ್ಮ ಬೆಕ್ಕಿಗೆ ಆಗಿದ್ದು ಕಹಿ, ವಿಷವಲ್ಲ. ಕ್ಲಿನಿಕ್ಕಿಗೆ ನೊರೆ ಅಂತ ಬರುವ ಎಷ್ಟೋ ಫೋನ್‌ಗಳು ಇದೇ. ಮೆಟ್ರೊನಿಡಜೋಲ್ ವಿಪರೀತ ಕಹಿ. ಮಾತ್ರೆ ಮುರಿದಾಗ ಮೇಲಿನ ಲೇಪ ಹೋಗಿ ಒಳಗಿನ ಕಹಿ ನೇರ ನಾಲಿಗೆಗೆ ತಾಗುತ್ತೆ, ಅದನ್ನು ತೊಳೆಯಲು ಬಾಯಿ ಜೊಲ್ಲು ಸುರಿಸುತ್ತೆ, ತಲೆ ಕೊಡವಿದಾಗ ಅದೇ ನೊರೆಯಾಗುತ್ತೆ. ಬೆಲ್ಲದಿಂದ ಏನೂ ಉಪಯೋಗವಾಗಲಿಲ್ಲ, ಯಾಕೆಂದರೆ ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿಯನ್ನು ಗುರುತಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ. ನಮ್ಮ ಮಗುವಿಗೆ ಮಾಡುವ ಉಪಾಯ ಅದಕ್ಕೆ ನಡೆಯುವುದಿಲ್ಲ.

ಔಷಧಿ ನಿಲ್ಲಿಸಬೇಡಿ. ಅರ್ಧ ಮಾತ್ರೆಯನ್ನು ಖಾಲಿ ಕ್ಯಾಪ್ಸೂಲಿನಲ್ಲಿ ಹಾಕಿ ಕೊಡಿ, ಇಲ್ಲವೇ ಬೆಣ್ಣೆ ಸವರಿ ನಾಲಿಗೆಯ ಹಿಂಭಾಗಕ್ಕೆ ಇಡಿ. ಆಮೇಲೆ ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ 5 ಮಿಲಿಲೀಟರ್ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕು. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿ ಕೂರುತ್ತೆ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಅಲ್ಲಿ ಹುಣ್ಣು ಮಾಡಿ, ನಾಳವೇ ಕಿರಿದಾಗಿ, ವಾರಗಳ ನಂತರ ಬೆಕ್ಕು ತಿಂದಿದ್ದೆಲ್ಲ ಕಕ್ಕಲು ಶುರು ಮಾಡುತ್ತೆ. ಔಷಧಿ ಕೊಟ್ಟ ಕೂಡಲೇ ಬಂದು, ಗಂಟೆಯೊಳಗೆ ನಿಂತು, ಬೆಕ್ಕು ಮೊದಲಿನಂತೆ ಓಡಾಡಿಕೊಂಡಿದ್ದರೆ ಆ ನೊರೆಗೆ ಹೆದರಬೇಡಿ.

ಪ್ರಶ್ನೆ (ಬೆಂಗಳೂರು, 9:52)

ನಾವು ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಬೆಕ್ಕು ಹೊರಗೇ ಹೋಗಲ್ಲ. ದನದ ಔಷಧಿಯೂ ಇಲ್ಲ, ತೋಟವೂ ಇಲ್ಲ. ಆದರೂ ಕಳೆದ ತಿಂಗಳು ಒಂದು ಬೆಳಿಗ್ಗೆ ಹೀಗೇ ನೊರೆ ಬಂದಿತ್ತು.

ಉತ್ತರ (10:05)

ಮನೆಯೊಳಗೂ ಬೇಕಾದಷ್ಟಿದೆ. ಮನಿ ಪ್ಲಾಂಟ್ ಇದೆಯಾ? ಅದು, ಅಲಂಕಾರಕ್ಕೆ ಬೆಳೆಸುವ ಡೀಫೆನ್‌ಬೇಕಿಯಾ, ಕೆಸು, ಎಲ್ಲ ಒಂದೇ ಸಸ್ಯ ಕುಟುಂಬ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಪತ್ರೊಡೆ ಮಾಡುವಾಗ ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತಲ್ಲ, ಅದೇ ಹರಳು. ಬೆಕ್ಕು ಹಸಿ ಎಲೆಯನ್ನೇ ಕಚ್ಚುತ್ತೆ, ಪಾಪ, ಬಾಯಿ ತುಂಬ ಚುಚ್ಚುತ್ತೆ. ಸಾಮಾನ್ಯವಾಗಿ ಬಾಯಿ ಒರೆಸಿದರೆ ಕೆಲವು ಗಂಟೆಗಳಲ್ಲಿ ಸರಿಹೋಗುತ್ತೆ. ಹೂಗುಚ್ಛದಲ್ಲಿ ಬರುವ ಲಿಲ್ಲಿ ಮಾತ್ರ ಹಾಗಲ್ಲ. ಮೊದಲು ಜೊಲ್ಲು, ವಾಂತಿ, ಮತ್ತೆ ಒಂದೆರಡು ದಿನದಲ್ಲಿ ಕಿಡ್ನಿ ನಿಂತುಹೋಗುತ್ತೆ. ಮೈಗೆ ಬಿದ್ದ ಪರಾಗ ನೆಕ್ಕಿದರೂ ಸಾಕು. ಬೆಕ್ಕಿರುವ ಮನೆಗೆ ಲಿಲ್ಲಿ ಬೇಡವೇ ಬೇಡ.

ಬೆಳಿಗ್ಗೆ ಅಂದಿರಲ್ಲ, ಮನೆ ಒರೆಸುವ ಹೊತ್ತಾ? ನೆಲ ಒರೆಸುವ ಹಲವು ದ್ರಾವಣಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಕ್ರಿಮಿನಾಶಕ ಇರುತ್ತೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ನಾಲಿಗೆ ಸುಡುತ್ತೆ, ಮಾರನೇ ದಿನ ನಾಲಿಗೆ ತುದಿಯಲ್ಲಿ ಕೆಂಪು ಹುಣ್ಣು ಕಾಣಿಸುತ್ತೆ, ಊಟ ಬಿಡುತ್ತೆ. ದ್ರಾವಣ ಅಳತೆ ಪ್ರಕಾರ ಬೆರೆಸಿ, ನೆಲ ಒಣಗುವವರೆಗೆ ಬೆಕ್ಕನ್ನು ಒಂದು ರೂಮಿನಲ್ಲಿ ಬಿಡಿ.

ಇನ್ನೊಂದು ಹೇಳುವುದು ಮರೆತೆ: ಹೂ ಕಟ್ಟಿದ ದಾರ. ದೇವರ ಮನೆಯಿಂದ ಹೂವಿನ ದಾರ ಎಳೆದುಕೊಂಡು ಹೋಗಿ ನುಂಗುವ ಬೆಕ್ಕುಗಳು ಎಷ್ಟೋ. ದಾರ ನಾಲಿಗೆ ಬುಡಕ್ಕೆ ಸುತ್ತಿಕೊಂಡು, ಇನ್ನೊಂದು ತುದಿ ಕರುಳಿಗೆ ಹೋಗಿರುತ್ತೆ. ಜೊಲ್ಲು, ವಾಂತಿ, ಊಟ ಇಲ್ಲ. ದಾರದ ತುದಿ ಕಂಡರೂ ಎಳೆಯಬೇಡಿ, ಕರುಳು ಕೊಯ್ದುಹೋಗುತ್ತೆ. ಹಾಗೇ ಕರೆದುಕೊಂಡು ಬನ್ನಿ.

ಪ್ರಶ್ನೆ (ಚಿಕ್ಕಮಗಳೂರು, 10:15)

ತೀರ್ಥಹಳ್ಳಿಯವರ ಅಮ್ಮ ಹೇಳಿದ್ದು ಸುಳ್ಳೇ ಅಂತೀರಾ? ಬೆಕ್ಕಿಗೆ ಹುಚ್ಚು ಬರಲ್ವಾ?

ಉತ್ತರ (10:30)

ಬರುತ್ತೆ. ಆ ತಾಯಿ ಮುಟ್ಟಬೇಡ ಅಂದಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ನಾನು ಮೊದಲು ಕಚ್ಚಿದೆಯಾ ಅಂತ ಕೇಳಿದ್ದು. ರೇಬೀಸಿನಲ್ಲಿ ಗಂಟಲಿನ ಸ್ನಾಯು ಸೋತು ಜೊಲ್ಲು ನುಂಗಲಾಗದೆ ಹೊರಗೆ ಸುರಿಯುತ್ತೆ. ಸಾಮಾನ್ಯವಾಗಿ ಅದಕ್ಕೂ ಮೊದಲೇ ಸ್ವಭಾವ ಬದಲಾಗಿರುತ್ತೆ. ಸಾಧು ಬೆಕ್ಕು ಕಾರಣವಿಲ್ಲದೆ ಮೇಲೆರಗುತ್ತೆ, ಇಲ್ಲವೇ ಕತ್ತಲೆ ಹುಡುಕಿ ಕೂರುತ್ತೆ, ಕೂಗು ಒಡೆಯುತ್ತೆ, ಕಾಲು ಸೋಲುತ್ತೆ. ಲಸಿಕೆ ಹಾಕಿಸದ, ಹೊರಗೆ ತಿರುಗುವ ಬೆಕ್ಕಿನಲ್ಲಿ ಕಾರಣ ಗೊತ್ತಾಗದ ನೊರೆ ಕಂಡರೆ ರೇಬೀಸ್ ಇರಬಹುದು ಅಂತಲೇ ಎಚ್ಚರ ವಹಿಸಿ.

ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ತೋಳಿನ ಸ್ನಾಯುವಿಗೆ ಕೊಡುವುದಾದರೆ 0 (ಮೊದಲ ಚುಚ್ಚುಮದ್ದಿನ ದಿನ), 3, 7, 14, 28ನೇ ದಿನ ಚುಚ್ಚುಮದ್ದು, ಗಾಯದಿಂದ ರಕ್ತ ಬಂದಿದ್ದರೆ ಗಾಯಕ್ಕೇ ಹಾಕುವ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಔಷಧಿ) ಸಹ ಬೇಕು. ಕಚ್ಚಿದ ಬೆಕ್ಕನ್ನು 10 ದಿನ ಗಮನಿಸಬೇಕು, ಆದರೆ ಅದು ಏನಾಗುತ್ತೋ ನೋಡೋಣ ಅಂತ ಚುಚ್ಚುಮದ್ದು ತಡ ಮಾಡಬಾರದು. ಮನುಷ್ಯನಲ್ಲಿ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ. ಬೆಕ್ಕು ಸತ್ತರೆ ಪಶುವೈದ್ಯರಿಗೆ ತಿಳಿಸದೆ ಹೂಳಬೇಡಿ. ಪರೀಕ್ಷೆ ಸಾಧ್ಯವಿದೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆಂದೇ ಪ್ರಯೋಗಾಲಯವಿದೆ. ನಿಮ್ಮ ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ಒಂದು ಲಸಿಕೆ, ಆಮೇಲೆ ವರ್ಷಕ್ಕೊಂದು. ನಾಯಿಗೆ ಹಾಕಿಸುವವರೂ ಬೆಕ್ಕಿಗೆ ಹಾಕಿಸುವುದಿಲ್ಲ, ನನಗೆ ಇದು ತುಂಬಾ ಬೇಜಾರಿನ ಸಂಗತಿ.

ಮೊದಲ ಪ್ರಶ್ನೆ ಕೇಳಿದವರು (ಮಂಗಳವಾರ ಬೆಳಿಗ್ಗೆ 8:15)

ಮೇಡಂ, ಪುಟ್ಟಿ ಮನೆಗೆ ಬಂತು. ಆವತ್ತು ರಾತ್ರಿ ದಾರಿಯಲ್ಲೇ ಒಂದು ಸಲ ಫಿಟ್ಸ್ ಬಂತು. ಅಲ್ಲಿನ ಡಾಕ್ಟರು ರಾತ್ರಿಯಿಡೀ ಡ್ರಿಪ್ ಹಾಕಿ ನೋಡಿಕೊಂಡರು. ನಿನ್ನೆ ಸಂಜೆಗೆ ನಡುಕ ನಿಂತಿದೆ. ಇವತ್ತು ಬೂತಾಯಿ ಮೀನು ಬೇಯಿಸಿ ಮುಳ್ಳು ತೆಗೆದು ಕೊಟ್ಟೆ, ಎರಡು ತುಂಡು ತಿಂದಿತು. ಅಮ್ಮ ಅದರ ಪಕ್ಕದಲ್ಲೇ ಕೂತಿದ್ದಾರೆ. ಎಡಗಿವಿ ಮಾತ್ರ ಆಗಾಗ ಸ್ವಲ್ಪ ಅದುರುತ್ತೆ.

ಉತ್ತರ (8:40)

ಓದಿ ಕಣ್ಣು ತುಂಬಿ ಬಂತು. ಕಿವಿಯ ಅದುರು ಇನ್ನೊಂದೆರಡು ದಿನ ಇರಬಹುದು. ಹೆಚ್ಚಾದರೆ, ಊಟ ಬಿಟ್ಟರೆ ತಿರುಗಿ ಕರೆದುಕೊಂಡು ಹೋಗಿ. ಒಂದು ಕೆಲಸ ಬಾಕಿ ಇದೆ: ಭಾನುವಾರ ಔಷಧಿ ಹಚ್ಚಿದ ಮೇಲೆ ಅದು ಯಾವ ಗೋಣಿಚೀಲದ ಮೇಲೆ, ಯಾವ ಬಟ್ಟೆಯ ಮೇಲೆ ಮಲಗಿತ್ತೋ ನೆನಪು ಮಾಡಿಕೊಳ್ಳಿ. ಅದರಲ್ಲೂ ಔಷಧಿ ಇದೆ. ಬಟ್ಟೆಯನ್ನು ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ, ಗೋಣಿಯಾದರೆ ಎಸೆದುಬಿಡಿ. ಚಿಗಟಕ್ಕೆ ಬೆಕ್ಕಿಗೆಂದೇ ಇರುವ ಹನಿ ಔಷಧಿ ಸಿಗುತ್ತೆ, ಈಗಲೇ ಬೇಡ, ಪೂರ್ತಿ ಚೇತರಿಸಿಕೊಂಡ ಮೇಲೆ ತೂಕ ನೋಡಿಸಿ ಡಾಕ್ಟರ ಕೈಯಲ್ಲೇ ಹಾಕಿಸಿ. ಅಲ್ಲಿಯವರೆಗೆ ದಿನಾ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಬಂದ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಡಾಕ್ಟರ ಹತ್ತಿರ ಹೋದಾಗ ರೇಬೀಸ್ ಲಸಿಕೆಯನ್ನೂ ಕೇಳಿ.