ಸಹಾಯ ಬೇಕು: ಪುಸ್ತಕದ ನಿಯಮವೋ, ಆಟದ ಓಟವೋ?

ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯನ್ನು ಗೆಳೆಯರಿಗಾಗಿ ನಡೆಸುತ್ತಿದ್ದೇನೆ. ಕಳೆದ ಸಲ ಬೆನ್ನಟ್ಟಿ ಬರುತ್ತಿದ್ದ ರಾಕ್ಷಸರಂಥ ಆರ್ಕ್‌ಗಳು ಜಾರಿ ಬೀಳಲೆಂದು ಕಳ್ಳನ ಪಾತ್ರದವನು ಮೆಟ್ಟಿಲುಗಳ ಮೇಲೆ ಲೋಹದ ಗುಂಡುಗಳನ್ನು ಚೆಲ್ಲಿದ. ಎಂಥ ಉಪಾಯ! ಆದರೆ ನಿಯಮ ಹೇಳುವುದು ಹತ್ತಡಿ ಚೌಕದ ಸಮತಟ್ಟು ಜಾಗದ ಬಗ್ಗೆ. ಅದನ್ನು ದಾಟುವವರು ಇಪ್ಪತ್ತು ಮುಖದ ದಾಳ ಉರುಳಿಸಿ, ಚುರುಕುತನದ ಅಂಕ ಸೇರಿಸಿ 10 ಮುಟ್ಟಬೇಕು. “ಮೆಟ್ಟಿಲು ಸಮತಟ್ಟಲ್ಲವಲ್ಲ” ಎಂದು ಇನ್ನೊಬ್ಬಳು ಪುಸ್ತಕ ತೆರೆದಳು. ವಾದ ಮುಗಿಯುವಷ್ಟರಲ್ಲಿ ಕಾಳಗದ ಕಾವೇ ಆರಿತ್ತು.

ಅವಳದು ತಕರಾರಲ್ಲ, ನಿಯಮ ಗಟ್ಟಿಯಾಗಿದ್ದರೆ ಮಾತ್ರ ಅವಳು ಧೈರ್ಯವಾಗಿ ಯೋಜನೆ ಹಾಕಬಲ್ಲಳು. ಇಬ್ಬರನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಮೆಟ್ಟಿಲಾದ್ದರಿಂದ 15 ಮುಟ್ಟಬೇಕೆಂದು ಅಲ್ಲೇ ತೀರ್ಪು ಕೊಟ್ಟು, ಪುಸ್ತಕವನ್ನು ಆಟ ಮುಗಿದ ಮೇಲೆ ನೋಡಿದ್ದರೆ ಸರಿಯಾಗುತ್ತಿತ್ತೇ? ಇಂಥ ತೀರ್ಪುಗಳನ್ನು ಮುಂದಿನ ಆಟಗಳಿಗೂ ಉಳಿಸಿಕೊಳ್ಳುತ್ತೀರಾ? ಆಟ ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.