ಹಳೇ ಇನ್ವರ್ಟರ್ ಬ್ಯಾಟರಿ, ಡಬ್ಬಾ ಟಿವಿ ಗುಜರಿಗೆ ಹಾಕಬಹುದಾ?

ಪ್ರಶ್ನೆ (ಕೊಡಗಿನ ಮಾದಾಪುರ ಕಡೆಯ ಕಾಫಿ ಬೆಳೆಗಾರ):
ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಅದಕ್ಕೇ ನಮ್ಮಲ್ಲಿ ಮನೆಮನೆಗೂ ಇನ್ವರ್ಟರ್. ಈಗ ಶೆಡ್ಡಿನಲ್ಲಿ ಸತ್ತ ಬ್ಯಾಟರಿ, ಡಬ್ಬಾ ಟಿವಿ, ಸಿಡಿಲಿಗೆ ಸುಟ್ಟ ಮೋಡೆಮ್, ವೈರು ಎಲ್ಲ ರಾಶಿ ಬಿದ್ದಿವೆ. ಬ್ಯಾಟರಿ ನೀರು ಚೆಲ್ಲಿ ಕೊಡಿ, ವೈರು ಸುಟ್ಟು ತಾಮ್ರ ತೆಗೆದಿಡಿ ಅಂತ ಗುಜರಿಯವರು ಹೇಳಿ ಹೋಗಿದ್ದಾರೆ. ಮಾಡಬಹುದಾ? ತೋಟದ ಕೆಳಗೇ ತೋಡು ಹರಿಯುತ್ತದೆ.

ಉತ್ತರ (ಇ-ತ್ಯಾಜ್ಯ ಘಟಕದ ಎಂಜಿನಿಯರ್):
ಎರಡೂ ಬೇಡ. ಸುಮ್ನೆ ಬಿದ್ದಿರುವ ಟಿವಿಯಿಂದ ಅಂಥಾ ಭಯವಿಲ್ಲ. ಒಡೆದಾಗ, ಸುಟ್ಟಾಗ, ಚೆಲ್ಲಿದಾಗ ತೊಂದರೆ ಶುರು.

ಬ್ಯಾಟರಿ ನೀರು ಅಂದರೆ ಸೀಸ ಬೆರೆತ ಸಲ್ಫ್ಯೂರಿಕ್ ಆಸಿಡ್. ಕೊಡಗಿನ ಮಣ್ಣು ಮೊದಲೇ ಹುಳಿ, ಅದಕ್ಕೇ ಅಲ್ವಾ ನೀವು ಕಾಫಿಗೆ ಸುಣ್ಣ ಹಾಕುವುದು? ಹುಳಿ ಜಾಸ್ತಿಯಾದಷ್ಟೂ ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹಗಳು ಮಣ್ಣಿನಲ್ಲಿ ನಿಲ್ಲದೆ ನೀರಿನ ಜೊತೆ ಹೊರಡುತ್ತವೆ. ಜುಲೈ ಮಳೆಗೆ ನಿಮ್ಮ ತೋಡಿನಿಂದ ಕೆಳಗಿನವರ ಗದ್ದೆಗೆ, ಅಲ್ಲಿಂದ ಹಾರಂಗಿ ಹೊಳೆಗೆ.

ವೈರಿನ ಮೇಲಿರುವುದು ಪಿವಿಸಿ ಪ್ಲಾಸ್ಟಿಕ್. ಅಂಗಳದ ಬೆಂಕಿಯಲ್ಲಿ ಅದು ಅರೆಬರೆ ಉರಿದು ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೂದಿಯಲ್ಲೂ ಉಳಿಯುತ್ತದೆ, ಹುಲ್ಲಿನ ಮೇಲೆ ಕೂತರೆ ಹಸುವಿನ ಹಾಲಿನ ಕೊಬ್ಬಿಗೂ ಸೇರುತ್ತದೆ. ಅಷ್ಟು ಮಾಡಿ ಸಿಗುವ ತಾಮ್ರ ಎಷ್ಟು, ಒಂದು ಹಿಡಿ?

ಡಬ್ಬಾ ಟಿವಿಯ ಗಾಜಿನಲ್ಲೂ ಸೀಸವಿದೆ, ಅದೂ ಕೆಜಿ ಲೆಕ್ಕದಲ್ಲಿ. ಕೆಲವರು ತಾಮ್ರದ ಸುರುಳಿಗಾಗಿ ಪಿಕ್ಚರ್ ಟ್ಯೂಬಿನ ಕತ್ತು ಮುರಿದು ಗಾಜನ್ನು ಹಳ್ಳಕ್ಕೆ ಎಸೆದು ಹೋಗುತ್ತಾರೆ. ಹಾಗಾಗಿ ಇಡಿಯಾಗಿಯೇ ಇರಲಿ.

ಪ್ರಶ್ನೆ (ಗೋಣಿಕೊಪ್ಪ):
ತೋಟದ ಕೆಲಸದವರ ಲೈನ್ ಮನೆ ಮಕ್ಕಳು ಹಳೇ ಮೊಬೈಲ್ ಇಟ್ಟುಕೊಂಡು ಆಡುತ್ತಾರೆ. ಹಿಂದಿನ ಮುಚ್ಚಳ ಉಬ್ಬಿ ಎದ್ದಿದೆ. ಪರವಾಗಿಲ್ವಾ?

ಉತ್ತರ:
ಈಗಲೇ ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ! ಉಬ್ಬಿರುವುದು ಲಿಥಿಯಂ ಬ್ಯಾಟರಿ, ಚುಚ್ಚಿದರೆ, ಬಗ್ಗಿಸಿದರೆ ಹೊತ್ತಿಕೊಳ್ಳಬಹುದು. ಚಾರ್ಜಿಗೆ ಹಾಕಲೇಬೇಡಿ. ತಗಡಿನ ಡಬ್ಬದಲ್ಲಿ ಒಣ ಮರಳು ಹಾಕಿ ಮೊಬೈಲನ್ನು ಅದರೊಳಗೆ ಹೂತು, ಮನೆಯ ಹೊರಗೆ ಮಳೆ ಬೀಳದ ಕಡೆ ಇಡಿ. ಬಿಚ್ಚಿದ ಬೋರ್ಡುಗಳನ್ನೂ ಮಕ್ಕಳ ಕೈಗೆ ಕೊಡಬೇಡಿ, ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಜಾಸ್ತಿ ಹೀರುತ್ತದೆ, ಪೆಟ್ಟು ಬೀಳುವುದು ಮಿದುಳಿಗೆ.

ಮಾದಾಪುರದವರು:
ಹಾಗಾದರೆ ಯಾರಿಗೆ ಕೊಡುವುದು?

ಉತ್ತರ:
ಬ್ಯಾಟರಿಯನ್ನು ಆಸಿಡ್ ಸಮೇತ, ನೆಟ್ಟಗೆ ನಿಲ್ಲಿಸಿಕೊಂಡು ಬ್ಯಾಟರಿ ಅಂಗಡಿಗೇ ಒಯ್ಯಿರಿ. ಸಾಮಾನ್ಯವಾಗಿ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. 2022ರ ನಿಯಮದಂತೆ ಹಳೇ ಬ್ಯಾಟರಿ ವಾಪಸ್ ತರಿಸಿಕೊಳ್ಳುವುದು ತಯಾರಕರ ಹೊಣೆ. ಟಿವಿ, ಮೋಡೆಮ್‌ಗಳಿಗೆ ಬೇರೆ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅವು ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೇ ಹೋಗಬೇಕು. ಒಂದು ಟಿವಿಗೆ ಯಾರೂ ಘಾಟಿ ಹತ್ತಿ ಬರುವುದಿಲ್ಲ, ಅಕ್ಕಪಕ್ಕದ ತೋಟದವರದ್ದೂ ಸೇರಿಸಿ ಒಂದು ಪಿಕಪ್ ತುಂಬುವಷ್ಟು ಮಾಡಿಕೊಂಡು ಮಾತಾಡಿ.